ಚಳಿಗೆ ಡೀಸೆಲ್ ಕಾರು ಸ್ಟಾರ್ಟ್ ಆಗುತ್ತಿಲ್ಲ, ಬ್ಯಾಟರಿ ಹೊಸದು. ಮುಂದೇನು ನೋಡಲಿ?

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ನಮ್ಮದು 2013ರ ಮಾದರಿಯ ಚಿಕ್ಕ ಡೀಸೆಲ್ ಕಾರು. 1.3 ಲೀಟರಿನ ಕಾಮನ್ ರೈಲ್ ಎಂಜಿನ್, 1,30,000 ಕಿಲೋಮೀಟರ್ ಓಡಿದೆ. ಕಾರ್ತಿಕ ಮುಗಿದು ಚಳಿ ಬಿದ್ದಾಗಿನಿಂದ ಬೆಳಗಿನ ಜಾವ ಸ್ಟಾರ್ಟ್ ಮಾಡುವುದೇ ದೊಡ್ಡ ಕೆಲಸವಾಗಿದೆ. ಕೀಲಿ ತಿರುಗಿಸಿದರೆ ಸೆಲ್ಫ್ ಭಾರ ಎಳೆದಂತೆ ನಿಧಾನಕ್ಕೆ ತಿರುಗುತ್ತದೆ. ಬಿಟ್ಟು ಬಿಟ್ಟು ಹೊಡೆದರೆ ಕೊನೆಗೊಮ್ಮೆ ಹಿಡಿಯುತ್ತದೆ. ಹಿಡಿದ ಮೇಲೂ ಅರ್ಧ ನಿಮಿಷ ಇಡೀ ಗಾಡಿ ನಡುಗುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಆಮೇಲೆ ದಿನವಿಡೀ ಏನೂ ತೊಂದರೆಯಿಲ್ಲ. ಪೇಟೆಯಲ್ಲಿ ನಿಲ್ಲಿಸಿ ಮಧ್ಯಾಹ್ನ ಮತ್ತೆ ಹೊಡೆದರೆ ಒಂದೇ ಸಲಕ್ಕೆ ಹಿಡಿಯುತ್ತದೆ.

ಅಮ್ಮನಿಗೆ ವಾರಕ್ಕೆ ಎರಡು ಸಲ ಶಿವಮೊಗ್ಗದಲ್ಲಿ ಡಯಾಲಿಸಿಸ್. ಬೆಳಗ್ಗೆ ಐದೂವರೆಗೆ ಮನೆ ಬಿಡಬೇಕು, ನಮ್ಮೂರಿಗೆ ಅಷ್ಟು ಹೊತ್ತಿಗೆ ಬಸ್ಸಿಲ್ಲ. ಅವರು ಶಾಲು ಹೊದ್ದು ಜಗಲಿಯ ಮೇಲೆ ಕುಳಿತಿರುತ್ತಾರೆ, ನಾನು ಕೀಲಿ ತಿರುಗಿಸುತ್ತಲೇ ಇರುತ್ತೇನೆ. ಈ ಗಾಡಿ ನಂಬಿಕೆಗೆ ಅರ್ಹವಾಗಲೇಬೇಕು.

ಬ್ಯಾಟರಿ ಕಳೆದ ವರ್ಷ ಹಾಕಿಸಿದ್ದು. ಒಂದು ಗ್ಯಾರೇಜಿನವರು ಸೆಲ್ಫ್ ಮೋಟಾರ್ ಹೋಗಿದೆ ಎನ್ನುತ್ತಾರೆ. ಇನ್ನೊಂದು ಕಡೆ ಇಂಜೆಕ್ಟರ್, ಪಂಪು ಎರಡನ್ನೂ ಬಿಚ್ಚಿ ಕಳಿಸಬೇಕು, ನಲವತ್ತು ಸಾವಿರದವರೆಗೆ ಆಗಬಹುದು ಎಂದರು. ಪಕ್ಕದ ಮನೆಯವರು ಚಳಿಗೆ ಡೀಸೆಲ್ ಹೆಪ್ಪುಗಟ್ಟುತ್ತದೆ ಎನ್ನುತ್ತಾರೆ. ಅಡಿಕೆ ಕೊಯ್ಲು ಈಗ ನಡೆಯುತ್ತಿದೆ, ಕೈಯಲ್ಲಿ ಹಣ ಓಡಾಡುವುದಕ್ಕೆ ಇನ್ನೂ ಸಮಯವಿದೆ. ಸುಮ್ಮನೆ ಖರ್ಚು ಮಾಡುವ ಮೊದಲು ನಾವೇ ಮನೆಯಲ್ಲಿ ಏನಾದರೂ ಪರೀಕ್ಷೆ ಮಾಡಬಹುದೆ? ಮಗ ಐಟಿಐ ಓದುವಾಗ ಕೊಂಡ ಮಲ್ಟಿಮೀಟರ್ ಮನೆಯಲ್ಲಿದೆ.

ಹೊಸನಗರ ಬಿದನೂರು

ಬ್ಯಾಟರಿ ಒಂದೇ ವರ್ಷದ್ದೆಂದು ನಂಬಿ ಕೂರಬೇಡಿ. ಡೈರಿಗೆ ಹಾಲು ಕೊಟ್ಟು ಬರುವಂಥ ಎರಡು ಮೂರು ಕಿಲೋಮೀಟರ್ ಓಟಕ್ಕೆ ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ. ಅಂಗಡಿಯಲ್ಲಿ ಲೋಡ್ ಹಾಕಿ ಪರೀಕ್ಷಿಸಿ ಕೊಡುತ್ತಾರೆ. ಇನ್ನೊಂದು ಮಾತು: ಕೀಲಿ ಹಾಕಿದ ಕೂಡಲೇ ಸೆಲ್ಫ್ ಹೊಡೆಯಬೇಡಿ. ಮೀಟರಿನಲ್ಲಿ ಸುರುಳಿ ಗುರುತಿನ ಹಳದಿ ದೀಪ, ಅಂದರೆ ಸಿಲಿಂಡರ್ ಬಿಸಿಮಾಡುವ ಹೀಟರ್ ಪ್ಲಗ್ಗಿನ ದೀಪ, ಆರುವವರೆಗೆ ಕಾಯಿರಿ. ತೀರಾ ಚಳಿಯಿದ್ದರೆ ಕೀಲಿ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ದೀಪ ಹತ್ತಿಸಿ ಆರಿಸಿ, ಆಮೇಲೆ ಹೊಡೆಯಿರಿ.

ಸಾಗರದ ಆಟೋ ಎಲೆಕ್ಟ್ರಿಷಿಯನ್

ತೋಟದಮನೆಯವರೇ, ದಯವಿಟ್ಟು ಇಂಜೆಕ್ಟರ್ ಬಿಚ್ಚಿಸಬೇಡಿ, ಸೆಲ್ಫ್ ಮೋಟಾರ್ ಕೊಳ್ಳಬೇಡಿ. ನಿಮ್ಮ ಕೈಯಲ್ಲಿ ಮೀಟರ್ ಇದೆ, ಅದು ಹೇಳುವವರೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅಳೆಯದೆ ಭಾಗ ಬದಲಿಸುವ ಅಭ್ಯಾಸ ನಮ್ಮ ವೃತ್ತಿಗೆ ಅಂಟಿದ ರೋಗ. ಅದರ ಖರ್ಚನ್ನು ಯಾವಾಗಲೂ ಗಾಡಿಯ ಮಾಲೀಕರೇ ಹೊರುತ್ತಾರೆ ಎಂಬುದು ನನಗೆ ಬಹಳ ಸಂಕಟದ ವಿಷಯ.

ಮೊದಲು ನೆರೆಮನೆಯವರ ಮಾತಿಗೆ ಉತ್ತರ ಹೇಳುತ್ತೇನೆ. ನಮ್ಮಲ್ಲಿ ಡೀಸೆಲ್ ಹೆಪ್ಪುಗಟ್ಟುವುದಿಲ್ಲ. ಲಡಾಖ್‌ನಂಥ ಕಡೆ ಸೊನ್ನೆಗಿಂತ ಬಹಳ ಕೆಳಗೆ ಇಳಿದಾಗ ಡೀಸೆಲ್‌ನಲ್ಲಿರುವ ಮೇಣದ ಅಂಶ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೆಂದೇ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ಅನ್ನು ಅಲ್ಲಿಗೆ ಕೊಡಲು ಆರಂಭಿಸಿತು. ನಮ್ಮ ಕಡೆ ಧನುರ್ಮಾಸದ ಬೆಳಗ್ಗೆ 12, 13 ಡಿಗ್ರಿ, ಹಳ್ಳದ ಪಕ್ಕದ ತೋಟದಲ್ಲಿ ಇನ್ನೂ ಒಂದೆರಡು ಡಿಗ್ರಿ ಕಡಿಮೆ ಇರಬಹುದು. ಸರಿಯಾಗಿರುವ ಗಾಡಿಗೆ ಇದು ಚಳಿಯೇ ಅಲ್ಲ. 15ಡಬ್ಲ್ಯು-40 ಎಂಬ ಸಾಮಾನ್ಯ ಎಂಜಿನ್ ಆಯಿಲ್ ಕೂಡ ಮೈನಸ್ 20 ಡಿಗ್ರಿಯಲ್ಲಿ ಎಂಜಿನ್ ತಿರುಗಲು ಬಿಡಬೇಕು ಎಂಬುದೇ ಅದರ ದರ್ಜೆಯ ಅಳತೆ.

ಹಾಗಾದರೆ ಚಳಿಗಾಲದಲ್ಲೇ ಏಕೆ ತೊಂದರೆ? ರಾತ್ರಿಯಿಡೀ ತಣ್ಣಗಾದ ಆಯಿಲ್ ಮಂದವಾಗಿರುತ್ತದೆ, ಸೆಲ್ಫ್‌ಗೆ ಹೆಚ್ಚು ಕರೆಂಟ್ ಬೇಕಾಗುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆಯೂ ಸ್ವಲ್ಪ ನಿಧಾನವಾಗುತ್ತದೆ. ಎಲ್ಲವೂ ಸರಿಯಿದ್ದರೆ ಈ ವ್ಯತ್ಯಾಸ ನಿಮಗೆ ತಿಳಿಯುವುದೇ ಇಲ್ಲ. ಎಲ್ಲೋ ಒಂದು ಜೋಡಣೆ ಆಗಲೇ ಕೆಟ್ಟಿದ್ದರೆ ಮಾತ್ರ ಅದು ಈಗ ಹೊರಗೆ ಬರುತ್ತದೆ. ಆ ಕೆಡುಕು ಹುಟ್ಟುವುದು ಮಳೆಗಾಲದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಿಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾನೆಟ್ ಕೆಳಗಿನ ತಾಮ್ರ, ಸೀಸ, ಕಬ್ಬಿಣ ಯಾವುದೂ ಪೂರ್ತಿ ಒಣಗುವುದಿಲ್ಲ. ಮಲೆನಾಡಿನಲ್ಲಿ ಗಾಡಿಯ ವೈರಿಂಗ್ ತಿನ್ನುವುದು ತೇವ. ಡಿಸೆಂಬರ್ ಅದನ್ನು ತೋರಿಸಿಕೊಡುತ್ತದೆ, ಅಷ್ಟೆ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಹಿಂಡಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಸೆಲ್ಫ್ ನಿಧಾನವಾಗಿ ತಿರುಗಿದರೆ ಆ ಬಿಸಿ ತಣ್ಣನೆಯ ಸಿಲಿಂಡರ್ ಗೋಡೆಗೆ ಹೋಗಿಬಿಡುತ್ತದೆ. ಕಾಮನ್ ರೈಲ್ ಗಾಡಿಗಳಲ್ಲಿ ಇನ್ನೊಂದು ತೊಡಕೂ ಇದೆ. ರೈಲ್ ಎಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಒತ್ತಡದ ಕೊಳವೆ. ಅದರಲ್ಲಿ ಸುಮಾರು 200 ಬಾರ್ ಒತ್ತಡ ಏರುವವರೆಗೆ ಗಾಡಿಯ ಕಂಪ್ಯೂಟರ್ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೆರೆಯುವುದೇ ಇಲ್ಲ. ನಿಧಾನವಾಗಿ ತಿರುಗುವ ಪಂಪು ಆ ಒತ್ತಡ ಕಟ್ಟಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆದ್ದರಿಂದ ನಿಮ್ಮ ಮೊದಲ ದೂರು, ಸೆಲ್ಫ್ ಭಾರವಾಗಿ ತಿರುಗುವುದು, ಅದನ್ನು ಮೊದಲು ಬಗೆಹರಿಸೋಣ. ಬಿಳಿ ಹೊಗೆಗೆ ಆಮೇಲೆ ಬರುತ್ತೇನೆ. ಅದು ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ ಎಂಬುದರ ಗುರುತು.

ನಾಳೆ ಬೆಳಗ್ಗೆ ಗಾಡಿ ತಣ್ಣಗಿರುವಾಗಲೇ ಇವನ್ನು ಅಳೆಯಿರಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಮಗ ಕೀಲಿ ತಿರುಗಿಸಲಿ. ಎಂಜಿನ್ ಬೆಲ್ಟ್ ಹತ್ತಿರ ಶಾಲು, ಟವೆಲ್ ಜೋತಾಡದಂತೆ ನೋಡಿಕೊಳ್ಳಿ. ಮೀಟರ್ ಅನ್ನು 20 ಡಿಸಿ ವೋಲ್ಟ್‌ಗೆ ಇಡಿ.

ಏನನ್ನೂ ಹಚ್ಚುವ ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ಎಷ್ಟಿದೆ ನೋಡಿ. 12.6 ಎಂದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. ನಂತರ ಸೆಲ್ಫ್ ತಿರುಗುತ್ತಿರುವಾಗಲೇ ಅದೇ ಜಾಗದಲ್ಲಿ ನೋಡಿ, 9.6ಕ್ಕಿಂತ ಕೆಳಗೆ ಇಳಿಯಬಾರದು. ಮೀಟರಿನ ಕಡ್ಡಿಯನ್ನು ಕೇಬಲಿನ ಕ್ಲಾಂಪಿಗೆ ಮುಟ್ಟಿಸಬೇಡಿ, ನಡುವಿನ ಸೀಸದ ಗೂಟಕ್ಕೇ ಮುಟ್ಟಿಸಿ.

ಇನ್ನು ಮುಖ್ಯವಾದದ್ದು. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟದ ಮೇಲೆ, ಕೆಂಪು ಕಡ್ಡಿ ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹದ ಮೇಲೆ. ಈಗ ಸೆಲ್ಫ್ ಹೊಡೆಸಿ. 0.3 ವೋಲ್ಟ್‌ನ ಒಳಗೆ ಇರಬೇಕು, 0.5 ದಾಟಿದರೆ ಅರ್ಥ್, ಅಂದರೆ ಬ್ಯಾಟರಿಯ ಮೈನಸ್‌ನಿಂದ ಎಂಜಿನ್‌ಗೆ ಹೋಗುವ ಜೋಡಣೆ, ಕೆಟ್ಟಿದೆ. ಹಾಗೆಯೇ ಪ್ಲಸ್ ಗೂಟದಿಂದ ಸೆಲ್ಫ್ ಮೋಟಾರಿನ ದಪ್ಪ ಕೇಬಲ್ ಕೂರುವ ಬೋಲ್ಟ್‌ಗೆ. ಕೊನೆಯದಾಗಿ ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5ರ ನಡುವೆ ಇದ್ದರೆ ಡೈನಮೋ ಸರಿಯಿದೆ.

ಒಂದು ಎಚ್ಚರಿಕೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಸೆಲ್ಫ್ ಮೋಟಾರ್ ಹೋಗಿದೆ ಎಂದವರ ಮಾತನ್ನು ನೀವೇ ನಿಜ ಮಾಡುವುದು ಬೇಡ.

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೈಮುಗಿಯುತ್ತೇನೆ. ಇಂದು ಬೆಳಗ್ಗೆ ಅಳೆದದ್ದು: ಸುಮ್ಮನಿದ್ದಾಗ ಬ್ಯಾಟರಿ 12.5. ಸೆಲ್ಫ್ ತಿರುಗುವಾಗ 11.1. ಮೈನಸ್ ಗೂಟದಿಂದ ಬ್ಲಾಕಿಗೆ 1.6. ಪ್ಲಸ್ ಗೂಟದಿಂದ ಸೆಲ್ಫ್ ಮೋಟಾರಿಗೆ 0.2. ಎಂಜಿನ್ ಓಡುವಾಗ 14.2. ಮಗ ಓಮ್‌ನಲ್ಲಿ ಇಟ್ಟು ಅರ್ಥ್ ಕೇಬಲ್ ನೋಡಿದ. ಸೊನ್ನೆಯೇ ತೋರಿಸುತ್ತದೆ, ಕೇಬಲ್ ಸರಿಯಿದೆ ಎನ್ನುತ್ತಿದ್ದಾನೆ. ಯಾವುದನ್ನು ನಂಬಲಿ?

ಸಾಗರದ ಆಟೋ ಎಲೆಕ್ಟ್ರಿಷಿಯನ್

1.6 ಅನ್ನು ನಂಬಿ. ಸಿಕ್ಕಿತು ಮಾರಾಯರೇ.

ಮಗ ಅಳೆದದ್ದು ಸುಳ್ಳಲ್ಲ. ಆದರೆ ಓಮ್ ಅಳೆಯುವಾಗ ಮೀಟರ್ ಕೇಬಲಿನೊಳಗೆ ಕಳಿಸುವ ಕರೆಂಟ್ ಅತ್ಯಲ್ಪ. ನೂರಾರು ಎಳೆಗಳ ಕೇಬಲಿನಲ್ಲಿ ಹತ್ತೇ ಎಳೆ ಉಳಿದಿದ್ದರೂ ಅದಕ್ಕೆ ಸಾಕು. ಸೆಲ್ಫ್ ಎಳೆಯುವುದು 150, 200 ಆಂಪಿಯರ್. ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿಯಿದ್ದರೂ 150 ಆಂಪಿಯರ್‌ಗೆ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಅಷ್ಟು ಚಿಕ್ಕ ಅಡ್ಡಿಯನ್ನು ಮನೆಯ ಮೀಟರ್ ಓಮ್‌ನಲ್ಲಿ ತೋರಿಸಲಾರದು. ಅದಕ್ಕಾಗಿಯೇ ಕರೆಂಟ್ ಹರಿಯುತ್ತಿರುವಾಗ ವೋಲ್ಟ್ ಅಳೆಯಲು ಹೇಳಿದ್ದು.

11.1 ಎಂಬ ಅಂಕಿಯನ್ನೂ ಗಮನಿಸಿ, ಅದು ಬಹಳ ಹೇಳುತ್ತದೆ. ಬ್ಯಾಟರಿ ಸೋತಿದ್ದರೆ ಅಥವಾ ಸೆಲ್ಫ್ ಮೋಟಾರ್ ಒಳಗೆ ಹಿಡಿದುಕೊಂಡಿದ್ದರೆ ಅದು 9ರ ಹತ್ತಿರ ಕುಸಿಯಬೇಕಿತ್ತು. ನಿಮ್ಮ ಬ್ಯಾಟರಿ 11.1ರಲ್ಲಿ ಗಟ್ಟಿಯಾಗಿ ನಿಂತಿದೆ, ಸೆಲ್ಫ್ ಮಾತ್ರ ನಿಧಾನ. ಕೆರೆ ತುಂಬಿದ್ದು ತೋಟದ ಪೈಪಿನಲ್ಲಿ ಕಸ ಕಟ್ಟಿದ ಸ್ಥಿತಿ ಇದು. 11.1ರಲ್ಲಿ 1.6 ಮತ್ತು 0.2 ಕಳೆಯಿರಿ, ಮೋಟಾರಿಗೆ ಸಿಗುತ್ತಿರುವುದು 9.3.

ಏನನ್ನೂ ಬಿಚ್ಚದೆ ಖಚಿತ ಮಾಡಿಕೊಳ್ಳುವ ದಾರಿಯಿದೆ. ಯಾರಲ್ಲಾದರೂ ಒಳ್ಳೆಯ ಜಂಪರ್ ಕೇಬಲ್ ಇದ್ದರೆ ಒಂದನ್ನು ಮಾತ್ರ ತೆಗೆದುಕೊಂಡು, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಗಟ್ಟಿ ಲೋಹಕ್ಕೆ ಕಚ್ಚಿಸಿ. ಸೆಲ್ಫ್ ಚುರುಕಾಗಿ ತಿರುಗಿದರೆ ಅರ್ಥ್ ಕೇಬಲ್ಲೇ ತಪ್ಪಿತಸ್ಥ, ಬೇರೆ ಮಾತಿಲ್ಲ. ತುರ್ತಿಗೆ ಹೀಗೆಯೇ ಗಾಡಿ ಹೊರಡಿಸಬಹುದು. ಹಿಡಿದ ಮೇಲೆ ಕೇಬಲ್ ತೆಗೆದಿಡಿ.

ಬ್ಯಾಟರಿ ಟ್ರೇ ಕೆಳಗೆ ನೋಡಿ. ಅಲ್ಲಿಂದ ಬಾಡಿಗೆ ಒಂದು, ಗೇರ್‌ಬಾಕ್ಸಿಗೆ ಒಂದು ಕೇಬಲ್ ಹೋಗುತ್ತದೆ. ಕೆಸರು ಸಿಡಿದು ಒದ್ದೆಯಾಗಿ ಉಳಿಯುವ ಜಾಗವದು. ಲಗ್, ಅಂದರೆ ಬೋಲ್ಟ್‌ಗೆ ಕೂರುವ ಕೇಬಲ್ ತುದಿಯ ಲೋಹ, ಅದರ ಹತ್ತಿರ ರಬ್ಬರನ್ನು ಸ್ವಲ್ಪ ಹಿಂದೆ ಸರಿಸಿದರೆ ತಾಮ್ರ ಹಸಿರು ಕಿಲುಬು ಹಿಡಿದಿರಬಹುದು. ಕಿಲುಬು ರಬ್ಬರಿನ ಒಳಗೆ ಹೊಕ್ಕಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಕೇಬಲ್ ಬದಲಿಸಿ. ಮೊದಲಿದ್ದಷ್ಟೇ ದಪ್ಪದ್ದು, ಲಗ್ ಒತ್ತಿ ಕೂರಿಸಿದ್ದು ಬೇಕು. ಮನೆಯ ವೈರಿಂಗ್‌ನ ವೈರ್ ಸುತ್ತಿ ಕೊಡುತ್ತೇನೆ ಎಂದರೆ ಒಪ್ಪಬೇಡಿ. ಬಿಚ್ಚುವಾಗ ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಿ. ಕೂರುವ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ.

ಕೊಪ್ಪದ ಕಾಫಿ

ಇದೇ ಎಳೆಗೆ ಒಂದು ಮಾತು ಸೇರಿಸುತ್ತೇನೆ, ಬೇರೆಯವರಿಗೆ ಉಪಯೋಗವಾದೀತು. ನಮ್ಮ ಅಂಗಳ ಇಳಿಜಾರು. ಮೂತಿ ಮೇಲಾಗಿ ನಿಲ್ಲಿಸಿದ ರಾತ್ರಿ ಮಾತ್ರ ನಮ್ಮ ಜೀಪು ಬೆಳಗ್ಗೆ ಹಿಡಿಯುತ್ತಿರಲಿಲ್ಲ. ಸೆಲ್ಫ್ ಚುರುಕಾಗಿಯೇ ತಿರುಗುತ್ತಿತ್ತು, ಹೊಗೆಯೇ ಇಲ್ಲ. ಡೀಸೆಲ್ ಪೈಪಿನ ಒಂದು ಜೋಡಣೆಯಲ್ಲಿ ಸಣ್ಣ ಬಿರುಕಿತ್ತು. ಗಾಳಿ ಒಳಗೆ ಹೋಗಿ ಡೀಸೆಲ್ ರಾತ್ರಿಯೆಲ್ಲ ಟ್ಯಾಂಕಿಗೆ ಹಿಂದಿರುಗುತ್ತಿತ್ತು. ಫಿಲ್ಟರ್ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ ಹೊಡೆದರೆ ತಕ್ಷಣ ಹಿಡಿಯುತ್ತಿತ್ತು. ಅದರಿಂದಲೇ ದೋಷ ಪತ್ತೆಯಾದದ್ದು. ಫಿಲ್ಟರ್ ಕೆಳಗಿನ ತಿರುಪು ಬಿಚ್ಚಿ ನೀರನ್ನೂ ಆಗಾಗ ಇಳಿಸಬೇಕು.

ಇಲಿಗಳನ್ನೂ ಮರೆಯಬೇಡಿ. ಕೊಯ್ಲಿನ ಕಾಲದಲ್ಲಿ ಬೆಚ್ಚಗಿನ ಬಾನೆಟ್ ಕೆಳಗೆ ಬಂದು ಕೂರುತ್ತವೆ, ಸೆನ್ಸರಿನ ವೈರ್ ಕಡಿಯುತ್ತವೆ.

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ಜಂಪರ್ ಕೇಬಲ್ ಕಚ್ಚಿಸಿದ ಕೂಡಲೇ ಸೆಲ್ಫ್ ತಿರುಗಿದ ರಭಸ ನೋಡಿ ಮಗ ಕೂಗಿಯೇಬಿಟ್ಟ. ಗೇರ್‌ಬಾಕ್ಸಿಗೆ ಹೋಗುವ ಕೇಬಲಿನ ಲಗ್ ಕೈಯಲ್ಲಿ ಎಳೆದರೆ ಕಿತ್ತು ಬಂತು, ಒಳಗೆ ತಾಮ್ರ ಹಸಿರು ಪುಡಿಯಾಗಿತ್ತು. ಹೊಸ ಕೇಬಲ್ ಹಾಕಿಸಿದೆವು. ಈಗ ಅದೇ ಅಳತೆ 0.15.

ಬೆಳಗ್ಗೆ ಈಗ ಬೇಗ ಹಿಡಿಯುತ್ತದೆ. ಆದರೆ ಹಿಡಿದ ಮೇಲೆ ಕೆಲವು ಸೆಕೆಂಡು ನಡುಕ ಮತ್ತು ಬಿಳಿ ಹೊಗೆ ಹಾಗೆಯೇ ಉಳಿದಿದೆ. ಸುರುಳಿ ದೀಪ ಸರಿಯಾಗಿಯೇ ಹತ್ತಿ ಆರುತ್ತದೆ. ಹಾಗಾದರೆ ಹೀಟರ್ ಪ್ಲಗ್ ಸರಿಯಿದೆ ಎಂದಲ್ಲವೆ?

ಸಾಗರದ ಆಟೋ ಎಲೆಕ್ಟ್ರಿಷಿಯನ್

0.15 ಓದಿ ಮನಸ್ಸು ತುಂಬಿತು.

ದೀಪವನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಅದನ್ನು ಹತ್ತಿಸುವುದು, ಆರಿಸುವುದು ಕಂಪ್ಯೂಟರ್. ನಾಲ್ಕರಲ್ಲಿ ಎರಡು ಪ್ಲಗ್ ಸತ್ತಿದ್ದರೂ ಹಲವು ಹಳೆಯ ಮಾದರಿಗಳಲ್ಲಿ ದೀಪ ಎಂದಿನಂತೆ ಹತ್ತಿ ಆರುತ್ತದೆ. ಬಿಸಿಯಾಗದ ಪ್ಲಗ್ಗಿನ ಸಿಲಿಂಡರ್ ಮೊದಲ ಕೆಲವು ಸೆಕೆಂಡು ಉರಿಯುವುದಿಲ್ಲ. ಉರಿಯದ ಡೀಸೆಲ್ ಆವಿಯಾಗಿ ಬಿಳಿ ಹೊಗೆಯಂತೆ ಹೊರಬರುತ್ತದೆ, ಉಳಿದ ಸಿಲಿಂಡರ್‌ಗಳು ಮಾತ್ರ ದುಡಿಯುವುದರಿಂದ ಗಾಡಿ ನಡುಗುತ್ತದೆ. ನಿಮ್ಮ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. ಕೊಪ್ಪದವರು ಹೇಳಿದ ಗಾಳಿಯ ದೋಷ ನಿಮ್ಮದಲ್ಲ, ಅದರಲ್ಲಿ ಹೊಗೆಯೇ ಬರುವುದಿಲ್ಲ.

ಮೊದಲು ಹೀಟರ್ ಫ್ಯೂಸ್ ನೋಡಿ, ಬಾನೆಟ್ ಒಳಗಿನ ಪೆಟ್ಟಿಗೆಯಲ್ಲಿರುವ ದಪ್ಪ ಫ್ಯೂಸ್‌ಗಳಲ್ಲಿ ಒಂದು. ಅದು ಸರಿಯಿದ್ದರೆ ನಾಲ್ಕೂ ಪ್ಲಗ್ಗಿನ ತಲೆಯಿಂದ ವೈರ್ ತೆಗೆದು, ಒಂದೊಂದರ ತಲೆಯಿಂದ ಎಂಜಿನ್ ಬ್ಲಾಕಿಗೆ ಓಮ್ ಅಳೆಯಿರಿ. ಇಲ್ಲಿ ಮಗನ ಓಮ್ ಅಳತೆ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಎರಡು ಓಮ್‌ಗಿಂತ ಕಡಿಮೆ ತೋರಿಸಿದರೆ ಜೀವ ಇದೆ, ಮೀಟರ್ ಏನೂ ತೋರಿಸದಿದ್ದರೆ ಒಳಗಿನ ಸುರುಳಿ ತುಂಡಾಗಿದೆ. ಬ್ಯಾಟರಿಯಿಂದ ನೇರವಾಗಿ ವೈರ್ ಕೊಟ್ಟು ಪರೀಕ್ಷಿಸುವುದು ಬೇಡ. ಕೆಲವು ಗಾಡಿಗಳ ಪ್ಲಗ್ ಐದಾರು ವೋಲ್ಟ್‌ಗೆ ಮಾಡಿದ್ದು, 12 ಕೊಟ್ಟರೆ ಸುಟ್ಟೇ ಹೋಗುತ್ತದೆ.

ಸತ್ತದ್ದು ಸಿಕ್ಕರೆ ಬಿಚ್ಚುವ ಕೆಲಸವನ್ನು ಮಾತ್ರ ಅನುಭವಸ್ಥರಿಗೆ ಬಿಡಿ, ಮತ್ತು ಪಕ್ಕದಲ್ಲೇ ನಿಂತಿರಿ. ಎಂಜಿನ್ ಬಿಸಿಯಿರಬೇಕು. ಹಿಂದಿನ ರಾತ್ರಿಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಸ್ಪ್ಯಾನರ್ ಬಿಗಿಯಾದರೆ ನಿಲ್ಲಿಸಬೇಕು, ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ. ಪೆನ್ಸಿಲಿಗಿಂತ ಸಣ್ಣ ಪ್ಲಗ್ ಎಂಜಿನ್ ಹೆಡ್‌ನೊಳಗೆ ಮುರಿದರೆ ಹೆಡ್ ಅನ್ನೇ ಎತ್ತಬೇಕಾದೀತು. ಅವಸರ ಮಾಡುವವರ ಕೈಗೆ ಇದನ್ನು ಕೊಡಬೇಡಿ. ಎರಡು ಸತ್ತಿದ್ದರೆ ನಾಲ್ಕನ್ನೂ ಬದಲಿಸಿ, ಉಳಿದವೂ ಅದೇ ವಯಸ್ಸಿನವು.

ಅಲ್ಲಿಯವರೆಗೆ ಯಾರಾದರೂ ಗಾಳಿ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಿರಿ ಎಂದರೆ ಕೇಳಬೇಡಿ. ಕಾದ ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಈಥರ್ ಹೋದರೆ ಹೊತ್ತಲ್ಲದ ಹೊತ್ತಿಗೆ ಸಿಡಿದು ಪಿಸ್ಟನ್ ಒಡೆಯುತ್ತದೆ. ಎಂಜಿನ್ ಕೆಳಗೆ ಬೆಂಕಿ ಹಿಡಿಯುವ ಹಳೆಯ ಲಾರಿ ಕಾಲದ ಪದ್ಧತಿಯಂತೂ ಬೇಡವೇ ಬೇಡ, ಈಗಿನ ಗಾಡಿಗಳ ಕೆಳಭಾಗದಲ್ಲಿ ಪ್ಲಾಸ್ಟಿಕ್ ಪೈಪುಗಳಿವೆ.

ತೋಟದಮನೆ, ತೀರ್ಥಹಳ್ಳಿ ತಾಲ್ಲೂಕು

ಎರಡನೆಯದು ಮತ್ತು ಮೂರನೆಯದು ಏನೂ ತೋರಿಸಲಿಲ್ಲ, ಉಳಿದೆರಡು 0.8. ನಾಲ್ಕನ್ನೂ ಬದಲಿಸಿದರು, ಒಂದೂ ಮುರಿಯಲಿಲ್ಲ. ಹೊಗೆ ನಿಂತಿದೆ. ಕೇಬಲ್, ಪ್ಲಗ್, ಕೂಲಿ ಎಲ್ಲ ಸೇರಿದರೂ ನಲವತ್ತು ಸಾವಿರದ ಹತ್ತಿರಕ್ಕೂ ಹೋಗಲಿಲ್ಲ. ಅಮ್ಮ ನಿಮಗೆ ಒಳ್ಳೆಯದಾಗಲಿ ಎಂದು ಹೇಳಲು ಹೇಳಿದ್ದಾರೆ.

ಆಗುಂಬೆ ದಾರಿ

ನಮ್ಮದು ಪೆಟ್ರೋಲ್ ಕಾರು, ಹೀಟರ್ ಪ್ಲಗ್ ಇಲ್ಲ. ಮಂಜು ದಟ್ಟವಾಗಿರುವ ಬೆಳಗ್ಗೆ ಮಾತ್ರ ಸೆಲ್ಫ್ ಚೆನ್ನಾಗಿ ತಿರುಗಿದರೂ ಹಿಡಿಯುವುದು ತಡ, ಹಿಡಿದರೂ ಒಂದು ಸಿಲಿಂಡರ್ ಬಿಟ್ಟ ಹಾಗೆ ಓಡುತ್ತದೆ. ಬಿಸಿಲು ಬಂದ ಮೇಲೆ ಸರಿ. ಎಲ್ಲಿಂದ ಆರಂಭಿಸಲಿ?

ಸಾಗರದ ಆಟೋ ಎಲೆಕ್ಟ್ರಿಷಿಯನ್

ಸೆಲ್ಫ್ ಚುರುಕಾಗಿದ್ದರೆ ಬ್ಯಾಟರಿ ಮತ್ತು ಅರ್ಥ್ ಬಿಟ್ಟು ಕಿಡಿಯ ಕಡೆಗೆ ಹೋಗಿ. ಇಗ್ನಿಷನ್ ಕಾಯಿಲ್‌ನ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ತೇವದಲ್ಲಿ ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಪಕ್ಕದ ಲೋಹಕ್ಕೆ ಹಾರುತ್ತದೆ. ರಬ್ಬರಿನ ಮೇಲೆ ಅಥವಾ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕೂದಲಿನಂಥ ಕಪ್ಪು ಗೆರೆ ಉಳಿದಿರುತ್ತದೆ. ಎಂಜಿನ್ ನಿಂತು ತಣ್ಣಗಿರುವಾಗ ಕಾಯಿಲ್‌ಗಳನ್ನು ಒಂದೊಂದಾಗಿ ಎತ್ತಿ, ಪ್ಲಗ್ ಕೂರುವ ಬಾವಿಯಲ್ಲಿ ನೀರು ಅಥವಾ ಆಯಿಲ್ ನಿಂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಎಂಜಿನ್ ಓಡುವಾಗ ಕಾಯಿಲ್ ಮುಟ್ಟಬೇಡಿ, ಅದರ ಹೊಡೆತ ಸಾವಿರಾರು ವೋಲ್ಟಿನದು. ಪ್ಲಗ್ ಬದಲಿಸಿ ಎಷ್ಟು ಕಿಲೋಮೀಟರ್ ಆಯಿತು, ಗೆರೆ ಯಾವ ಸಿಲಿಂಡರಿನಲ್ಲಿ ಕಂಡಿತು, ಇವೆರಡನ್ನು ಬರೆಯಿರಿ, ಮುಂದಿನದನ್ನು ನೋಡೋಣ.